ಕೋಟೆಯ ಮಣ್ಣು ಮತ್ತು ಬಿದರಿಯ ಕಪ್ಪು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಜನರಿಗೆ ಕೋಟೆ ಹೊಸದಲ್ಲ. ಚನ್ನಗಿರಿಯ ಬೆಟ್ಟದ ಮೇಲೆಯೇ ಕೋಟೆಯಿದೆ. ಜಗಳೂರಿನವರಿಗೆ ಚಿತ್ರದುರ್ಗದ ಏಳು ಸುತ್ತು ನೆರೆಯದೇ ಸರಿ. ಅವೆಲ್ಲ ಊರನ್ನು ಕಾಯ್ದ ಕೋಟೆಗಳು. ನಾಡಿನ ಉತ್ತರದ ತುದಿಯಲ್ಲಿರುವ ಬೀದರಿನ ಕೋಟೆಯಾದರೋ ತನ್ನ ಮಣ್ಣಿನಿಂದಲೇ ಒಂದು ಕಸುಬನ್ನೂ ಪೊರೆದುಕೊಂಡು ಬಂದಿದೆ.

ಕಲಬುರ್ಗಿಯಲ್ಲಿದ್ದ ರಾಜಧಾನಿಯನ್ನು ಬೀದರಿಗೆ ತಂದವನು ಬಹಮನಿ ಸುಲ್ತಾನ ಒಂದನೆಯ ಅಹಮದ್ ಷಾ (1422–36). ಬಂಡೆಯನ್ನೇ ಕೊರೆದ ಮೂರು ಸಾಲಿನ ಕಂದಕ, ಊರಿಗೇ ಬೇರೊಂದು ಸುತ್ತುಗೋಡೆ, ದಾರಿಗಳು ಕೂಡುವಲ್ಲಿ ಚೌಬಾರದ ಗೋಪುರ, 1472ರ ಮಹಮೂದ್ ಗವಾನನ ಮದ್ರಸಾ, ಇವನ್ನು ಪ್ರವಾಸಿಗಳೆಲ್ಲರೂ ನೋಡುತ್ತಾರೆ. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಮಾತ್ರ ತುಸು ಹೆಚ್ಚು ಹೊತ್ತು ನಿಲ್ಲಬೇಕು. ಅಲ್ಲಿ ಕಪ್ಪು ಕಲ್ಲಿನೊಳಗೆ ಮುತ್ತಿನ ಚಿಪ್ಪನ್ನು ಕೂರಿಸಿ ಬಿಡಿಸಿದ ಚಿತ್ತಾರವನ್ನು ಕಂಡವರಿಗೆ ಬಿದರಿ ಪಾತ್ರೆ ನೆನಪಾಗದಿರದು.

ಬಿದರಿಯ ಮೂಲದ್ರವ್ಯ ಸತು. ಹದಿನಾರು ಪಾಲು ಸತುವಿಗೆ ಸುಮಾರು ಒಂದು ಪಾಲು ತಾಮ್ರ. ಮಣ್ಣಿಗೆ ರಾಳ, ಹರಳೆಣ್ಣೆ ಬೆರೆಸಿ ಮಾಡಿದ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನಯಗೊಳಿಸುತ್ತಾರೆ. ಗೆರೆಗಳು ಕಾಣಲೆಂದು ಮೈಲುತುತ್ತದ ನೀರನ್ನು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುವುದುಂಟು. ಬಳಿಕ ಉಳಿಯಿಂದ ಹೂಬಳ್ಳಿಯನ್ನು ಕೊರೆದು, ಆ ಸಂದಿನೊಳಗೆ ಬೆಳ್ಳಿಯ ತಂತಿಯನ್ನು ಸುತ್ತಿಗೆಯಿಂದ ಮೆಲ್ಲಮೆಲ್ಲನೆ ಕೂರಿಸುತ್ತಾರೆ. ಇಷ್ಟಾದರೂ ಪಾತ್ರೆ ಇನ್ನೂ ಬಿದರಿಯಲ್ಲ. ಹದವಾಗಿ ಕಾಯಿಸಿ, ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರನ್ನು ಸೋಕಿಸಿದಾಗ ಸತು ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಕೊನೆಗೆ ಎಣ್ಣೆ ಹಚ್ಚಿ ತಿಕ್ಕಿದರೆ ಕಪ್ಪು ಇನ್ನಷ್ಟು ಗಾಢವಾಗುತ್ತದೆ.

ಈ ಮಣ್ಣು ಬಯಲಿನ ಮಣ್ಣಲ್ಲ. ಬಿಸಿಲು ಮಳೆ ತಾಗದ ಹಳೆಯ ಕಟ್ಟಡಗಳ ಒಳಗಿನದು. ಅದರಲ್ಲಿ ಪೆಟ್ಲುಪ್ಪಿನಂಥ ಲವಣದ ಅಂಶವಿರುತ್ತದೆ. ಕುಶಲಕರ್ಮಿಗಳು ಅದನ್ನು ನಾಲಿಗೆಯ ಮೇಲಿಟ್ಟು ರುಚಿ ನೋಡಿ ಆರಿಸುತ್ತಾರೆ. ಆದುದರಿಂದ ಹಳೆಯ ಮಾಳಿಗೆ ಕುಸಿದು ಮಳೆನೀರು ಒಳಹೊಕ್ಕರೆ ಹಾಳಾಗುವುದು ಕಟ್ಟಡವೊಂದೇ ಅಲ್ಲ. ಮಣ್ಣಿನ ಲವಣವೂ ತೊಳೆದುಹೋಗುತ್ತದೆ.

2006ರಲ್ಲಿ ಬಿದರಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. 2023ರಲ್ಲಿ ಬೀದರಿನ ಷಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಿತು. ಗೌರವ ಸಲ್ಲತಕ್ಕದ್ದೇ. ಆದರೆ ಬೆಳ್ಳಿಯ ಬೆಲೆ ಏರಿದಷ್ಟು ಕೈಗೆಲಸದ ಕೂಲಿ ಏರದು. ಉಳಿ ಹಿಡಿಯಲು ವರ್ಷಗಟ್ಟಲೆ ಕಲಿಯಬೇಕಾದ ಈ ಕೆಲಸವನ್ನು ಬಿಟ್ಟು ಎಳೆಯರು ಬೇರೆ ದುಡಿಮೆಯನ್ನರಸುತ್ತಿದ್ದಾರೆ. ಮಣ್ಣಿನ ರುಚಿಯನ್ನು ಹಿರಿಯರ ಜೊತೆ ಕುಳಿತೇ ಕಲಿಯಬೇಕು, ಅದಕ್ಕೆ ಪುಸ್ತಕವಿಲ್ಲ.