ಬೆಕ್ಡಲ್ ಟೆಸ್ಟ್ ಗೊತ್ತು, ಬೆಕ್ಡಲ್ ಗೊತ್ತಾ?

ಸಿನಿಮಾದಲ್ಲಿ ಕನಿಷ್ಠ ಇಬ್ಬರು ಹೆಣ್ಣುಮಕ್ಕಳು ಇರಬೇಕು, ಅವರು ಪರಸ್ಪರ ಮಾತಾಡಬೇಕು, ಆ ಮಾತು ಗಂಡಸಿನ ಬಗ್ಗೆ ಆಗಿರಬಾರದು. ಈ 'ಬೆಕ್ಡಲ್ ಟೆಸ್ಟ್' ಹುಟ್ಟಿದ್ದು 1985ರ ಒಂದು ಕಾಮಿಕ್‌ನಲ್ಲಿ. ಅದನ್ನು ಬರೆದವರು ಅಮೆರಿಕದ ಲೆಸ್ಬಿಯನ್ ಕಾರ್ಟೂನಿಸ್ಟ್ ಆ್ಯಲಿಸನ್ ಬೆಕ್ಡಲ್. ನಾನೂ ಎಷ್ಟೋ ಸಿನಿಮಾಗಳನ್ನು ಈ ಟೆಸ್ಟ್‌ನಲ್ಲಿ ಫೇಲ್ ಮಾಡಿದ್ದೀನಿ. ಆದರೆ ಅವರ ಚಿತ್ರಕಥನ 'ಫನ್ ಹೋಮ್' (2006) ಓದಿದ್ದು ತೀರಾ ತಡವಾಗಿ.

ಹೆಸರು ನೋಡಿ ಮೋಸಹೋಗಬೇಡಿ. ಅವರ ಕುಟುಂಬ ನಡೆಸುತ್ತಿದ್ದ ಫ್ಯೂನರಲ್ ಹೋಮ್‌ಗೆ ಮಕ್ಕಳು ಇಟ್ಟಿದ್ದ ಅಡ್ಡಹೆಸರು ಅದು. ಅಪ್ಪ ಪೆನ್ಸಿಲ್ವೇನಿಯಾದ ಪುಟ್ಟ ಊರಲ್ಲಿ ಇಂಗ್ಲಿಷ್ ಮೇಷ್ಟ್ರು. ಕಾಲೇಜಿನಲ್ಲಿದ್ದ ಮಗಳು ತಾನು ಲೆಸ್ಬಿಯನ್ ಅಂತ ಮನೆಗೆ ಪತ್ರ ಬರೆದಳು. ಆಗ ಅಮ್ಮ ಹೇಳಿದ್ದು: ಅಪ್ಪನಿಗೂ ಗಂಡಸರ ಜೊತೆ ಸಂಬಂಧಗಳಿದ್ದವು. ಕೆಲವೇ ತಿಂಗಳಲ್ಲಿ, 1980ರಲ್ಲಿ, ಅಪ್ಪ ಲಾರಿಗೆ ಸಿಕ್ಕಿ ತೀರಿಕೊಂಡರು. ಅಪಘಾತವೋ, ಆತ್ಮಹತ್ಯೆಯೋ? ಪುರಾವೆ ಇಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬಾಲ್ಯದ ಡೈರಿಯ ಭಾಗ. ಹುಡುಗಿ ಪ್ರತಿ ವಾಕ್ಯದ ಜೊತೆ 'ನನಗನ್ನಿಸುತ್ತೆ' ಅಂತ ಸೇರಿಸೋಕೆ ಶುರುಮಾಡ್ತಾಳೆ. ಆಮೇಲೆ ಅದಕ್ಕೊಂದು ಗುರುತು. ಕೊನೆಗೆ ಇಡೀ ಪುಟದ ಮೇಲೇ ಆ ಗುರುತು. ಎಂಜಿನಿಯರಿಂಗ್ ಲ್ಯಾಬ್ ರೆಕಾರ್ಡಿನಲ್ಲಿ ನಾವು ಉತ್ತರದ ಪಕ್ಕ ± ಹಾಕ್ತಿದ್ದದ್ದು ನೆನಪಾಯ್ತು. ಉತ್ತರ ಸುಳ್ಳು ಅಂತಲ್ಲ. ನನಗೆ ಗೊತ್ತಿರೋದು ಇಷ್ಟೇ ಅಂತ.

ಮಗುವಿಗೆ ಕಾಡಿದ ಆ ಅನುಮಾನವೇ ದೊಡ್ಡವಳಾದ ಮೇಲೆ ಕಲೆಯ ವಿಧಾನವಾಯಿತು. ಪುಸ್ತಕಕ್ಕೆ ಸುಮಾರು 7 ವರ್ಷ ಹಿಡಿಯಿತು. ಹಳೆಯ ಫೋಟೊ, ಪತ್ರಗಳನ್ನೆಲ್ಲ ಬೆಕ್ಡಲ್ ಕೈಯಲ್ಲೇ ಮತ್ತೆ ಬರೆದರು. ಪ್ರತಿ ಪಾತ್ರದ ಭಂಗಿಗೂ ತಾವೇ ನಿಂತು ಫೋಟೊ ತೆಗೆದುಕೊಂಡು, ಅದನ್ನು ನೋಡಿ ಚಿತ್ರಿಸಿದರು. ಅಂದರೆ ಅಪ್ಪನನ್ನು ಬರೆಯೋಕೆ ಅಪ್ಪನ ಹಾಗೇ ನಿಲ್ಲಬೇಕಾಯಿತು. ಸಿಡುಕುವ, ಮುಚ್ಚಿಡುವ ಆ ಮನುಷ್ಯನನ್ನು ಅವರು ಕ್ಷಮಿಸಿಬಿಟ್ಟರು ಅಂತ ನಾನು ಹೇಳಲ್ಲ. ಆದರೆ ಅಪ್ಪ ಬರೀ ಆರೋಪಿಯಾಗಿ ಉಳಿಯೋದಿಲ್ಲ.

ಈ ಪುಸ್ತಕವನ್ನು ವಿದ್ಯಾರ್ಥಿಗಳ ಓದಿಗೆ ಆರಿಸಿದ್ದಕ್ಕೆ 2014ರಲ್ಲಿ ಸೌತ್ ಕ್ಯಾರೊಲಿನಾದ ಜನಪ್ರತಿನಿಧಿಗಳ ಸಭೆ ಕಾಲೇಜ್ ಆಫ್ ಚಾರ್ಲ್ಸ್‌ಟನ್‌ನ 52,000 ಡಾಲರ್ ಅನುದಾನ ಕಡಿತಕ್ಕೆ ಒಪ್ಪಿತು. ಒಂದು ಜೀವನಶೈಲಿಯ ಪ್ರಚಾರ ಅನ್ನೋದು ವಿರೋಧಿಗಳ ದೂರು. ಪ್ರಚಾರಕ್ಕೆ ಬೇಕಿರೋದು ಖಚಿತತೆ. ಈ ಪುಸ್ತಕ ತನ್ನ ಅಪ್ಪ ಹೇಗೆ ಸತ್ತರು ಅನ್ನೋದನ್ನೂ ಖಚಿತವಾಗಿ ಹೇಳೋದಿಲ್ಲ. ಓದಿ ನೋಡಿ, ಆಮೇಲೆ ಜಗಳ ಆಡೋಣ.