ಮುಂಬಯಿಯ ಶಾಲಾವೇಳೆಯೂ ಕನ್ನಡಿಗರ ಮನೆವಾರ್ತೆಯೂ

ಮುಂಬಯಿಯಂತಹ ಮಹಾನಗರದಲ್ಲಿ ಮಕ್ಕಳ ವಿದ್ಯಾಭ್ಯಾಸಕ್ಕೆ ಹಣದ ವೆಚ್ಚವಿರುವಂತೆ ವೇಳೆಯ ವೆಚ್ಚವೂ ಇದೆ. ಒಂದೇ ಮನೆಯ ಇಬ್ಬರು ಮಕ್ಕಳು ಬೇರೆ ಬೇರೆ ಹೊತ್ತಿಗೆ ಶಾಲೆಗೆ ಹೋಗಬೇಕಾದಾಗ ಈ ವೆಚ್ಚ ಎಷ್ಟಾಗುತ್ತದೆ, ಅದಕ್ಕೆ ಕಾರಣವೇನು, ಕನ್ನಡ ಮಾಧ್ಯಮದ ಅಳಿವು ಉಳಿವುಗಳಿಗೂ ಅದಕ್ಕೂ ಇರುವ ಸಂಬಂಧವೇನು ಎಂಬುದು ವಿಚಾರಾರ್ಹವಾದ ವಿಷಯ.

ನಗರದಲ್ಲಿ ನೆಲ ದುರ್ಲಭ. ಆದುದರಿಂದ ಅನೇಕ ಶಾಲೆಗಳು ಒಂದೇ ಕಟ್ಟಡವನ್ನು ಎರಡು ಪಾಳಿಗಳಲ್ಲಿ ಬಳಸುತ್ತವೆ. ಬೆಳಗಿನ ಪಾಳಿ ಏಳರ ಸುಮಾರಿಗೆ, ಎರಡನೆಯದು ನಡುಹಗಲಿಗೆ ಆರಂಭವಾಗುವುದು ರೂಢಿ. 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ ಐದನೆಯ ಇಯತ್ತೆಯವರೆಗೆ ವರ್ಷಕ್ಕೆ 200 ದಿನಗಳಲ್ಲಿ 800 ಗಂಟೆ, ಆರರಿಂದ ಎಂಟರವರೆಗೆ 220 ದಿನಗಳಲ್ಲಿ 1000 ಗಂಟೆ ಕನಿಷ್ಠ ಬೋಧನೆ ನಡೆಯಬೇಕು. ದಿನಕ್ಕೆ ಹಂಚಿದರೆ ಮೊದಲಿನದು 4 ಗಂಟೆ, ಎರಡನೆಯದು ಸುಮಾರು 4 ಗಂಟೆ 33 ನಿಮಿಷ. ಎರಡು ಪಾಳಿಗಳು ಒಂದು ಹಗಲಿನೊಳಗೆ ಹಿಡಿಸುವುದು ಹೀಗೆ. ಕಟ್ಟಡದ ಲೆಕ್ಕ ಇಲ್ಲಿ ಸರಿಹೋಗುತ್ತದೆ. ಮನೆಯ ಲೆಕ್ಕ ಕೆಡುತ್ತದೆ.

ಶಾಲೆಗೆ ಒಂದು ದಾರಿಗೆ 25 ನಿಮಿಷವೆಂದು ಇಟ್ಟುಕೊಳ್ಳೋಣ. ಇಬ್ಬರು ಮಕ್ಕಳೂ ಒಂದೇ ಶಾಲೆಯ ಒಂದೇ ಪಾಳಿಯಲ್ಲಿದ್ದರೆ, ಕರೆದೊಯ್ದು ಕರೆತರುವ ತಾಯಿ ದಿನಕ್ಕೆ 100 ನಿಮಿಷ ನಡೆಯುತ್ತಾಳೆ. ಶಾಲೆ ಒಂದೇ ಆಗಿ ಪಾಳಿ ಬೇರೆಯಾದರೆ, ಕಿರಿಯವನನ್ನು ಬಿಟ್ಟು ಹಿರಿಯವಳನ್ನು ಕರೆತರುವ ಕೆಲಸ ನಡುಹಗಲಿನ ಒಂದೇ ಪ್ರಯಾಣದಲ್ಲಿ ಮುಗಿಯುವುದರಿಂದ 150 ನಿಮಿಷ ಸಾಕು. ಶಾಲೆಯೂ ಪಾಳಿಯೂ ಬೇರೆಯಾದರೆ 200 ನಿಮಿಷ. ಅಷ್ಟು ಮಾತ್ರವಲ್ಲದೆ, ಒಬ್ಬಳು ಹೊರಬರುವ ಹೊತ್ತಿಗೇ ಇನ್ನೊಬ್ಬನು ಒಳಗಿರಬೇಕು. ಈ ಕೊನೆಯ ತೊಡಕನ್ನು ಎಷ್ಟು ಚುರುಕಾಗಿ ನಡೆದರೂ ಬಿಡಿಸಲಾಗದು. ನೆರೆಯವರೋ, ಅಜ್ಜಿಯೋ, ಶಾಲೆಯ ವ್ಯಾನೋ ಬೇಕೇ ಬೇಕು. ವ್ಯಾನೂ ಮಗುವನ್ನು ಇಳಿಸಿ ಹೋಗುವುದೇ ಹೊರತು ಬೀಗ ಹಾಕಿದ ಮನೆಯ ಬಾಗಿಲನ್ನು ತೆರೆಯುವುದಿಲ್ಲ. ತಂದೆತಾಯಿಗಳಿಬ್ಬರೂ ನೌಕರಿಗೆ ಹೋಗುವ ಮನೆಗಳಲ್ಲಿ ಈ ಭಾರ ಹೆಚ್ಚಾಗಿ ತಾಯಿಯ ನೌಕರಿಯ ಮೇಲೆಯೇ ಬೀಳುತ್ತದೆ.

ಎಳೆಯ ಮಕ್ಕಳ ನಿದ್ರೆಗೆ ಭಂಗವಾಗಬಾರದೆಂದು ಮಹಾರಾಷ್ಟ್ರ ಸರಕಾರವು 2024ರ ಫೆಬ್ರವರಿಯಲ್ಲಿ, ನಾಲ್ಕನೆಯ ಇಯತ್ತೆಯವರೆಗಿನ ತರಗತಿಗಳು ಬೆಳಿಗ್ಗೆ 9ಕ್ಕಿಂತ ಮುಂಚೆ ಆರಂಭವಾಗಬಾರದೆಂದು ಸೂಚಿಸಿತು. ಉದ್ದೇಶ ಸ್ತುತ್ಯವಾದುದು. ಆದರೆ ಏಳಕ್ಕೆ ಹೊರಡುವ ಏಳನೆಯ ಇಯತ್ತೆಯ ಅಕ್ಕನೂ ಒಂಬತ್ತಕ್ಕೆ ಹೊರಡುವ ಮೂರನೆಯ ಇಯತ್ತೆಯ ತಮ್ಮನೂ ಇರುವ ಮನೆಯಲ್ಲಿ, ಇಂತಹ ಒಳ್ಳೆಯ ನಿಯಮದಿಂದಲೂ ಬೆಳಗಿನ ಪ್ರಯಾಣ ಎರಡಾಗುತ್ತದೆ.

ಇನ್ನು ದೂರದ ಮಾತು. 2010ರ ಕೇಂದ್ರ ನಿಯಮಗಳು ಐದನೆಯ ಇಯತ್ತೆಯವರೆಗೆ 1 ಕಿಲೋಮೀಟರಿನೊಳಗೆ, ಎಂಟರವರೆಗೆ 3 ಕಿಲೋಮೀಟರಿನೊಳಗೆ ಶಾಲೆಯಿರಬೇಕೆನ್ನುತ್ತವೆ. ಅದು ಕನ್ನಡ ಶಾಲೆಯೇ ಆಗಿರಬೇಕೆಂದಲ್ಲ. ಫೋರ್ಟ್, ಮಾಟುಂಗಾ, ವಡಾಲಾಗಳಂತಹ ಹಳೆಯ ನೆಲೆಗಳಿಂದ ಕನ್ನಡಿಗರ ವಸತಿ ಡೊಂಬಿವಲಿ, ವಸಯಿ, ನವಿ ಮುಂಬಯಿಗಳವರೆಗೆ ಹರಡಿದೆ. ಮನೆಗಳು ಸರಿದಂತೆ ಶಾಲೆಗಳು ಸರಿಯಲಿಲ್ಲ. ಹಿರಿಯ ಮಗಳನ್ನು ಕನ್ನಡ ಶಾಲೆಗೆ ಸೇರಿಸಿದ ಗೃಹಸ್ಥರು ಕಿರಿಯ ಮಗನನ್ನು ಹತ್ತಿರದ ಇಂಗ್ಲಿಷ್ ಶಾಲೆಗೆ ಸೇರಿಸಿದರೆ, ಅದನ್ನು ಭಾಷಾಭಿಮಾನದ ಕೊರತೆಯೆಂದು ಥಟ್ಟನೆ ತೀರ್ಮಾನಿಸಲಾಗದು. ಇಂಗ್ಲಿಷಿನ ಆಕರ್ಷಣೆ ಇದ್ದೇ ಇದೆ. ಆದರೆ ಮೇಲೆ ಹೇಳಿದ 200 ನಿಮಿಷಗಳೂ ತಕ್ಕಡಿಯಲ್ಲಿ ತೂಗುತ್ತವೆ.

ಹೋಟೆಲುಗಳಲ್ಲಿ ಹಗಲೆಲ್ಲ ದುಡಿಯುತ್ತಿದ್ದ ತುಳುನಾಡಿನ ಹುಡುಗರಿಗಾಗಿ ಇದೇ ನಗರದಲ್ಲಿ ಕನ್ನಡಿಗರು ರಾತ್ರಿಶಾಲೆಗಳನ್ನು ನಡೆಸಿದರು. ಅಲ್ಲಿ ವಿದ್ಯಾರ್ಥಿಯ ಬಿಡುವಿಗೆ ಶಾಲೆಯ ಗಂಟೆ ಹೊಂದಿಕೊಂಡಿತು. ಒಡಹುಟ್ಟಿದವರಿಗೆ ಒಂದೇ ಪಾಳಿ, ಅದು ಸಾಧ್ಯವಾಗದೆಡೆ ಪಾಳಿಗಳ ನಡುವೆ ಮಕ್ಕಳು ಕುಳಿತು ಓದಲು ಒಂದು ಕೋಣೆ, ಒಂದೇ ಬಡಾವಣೆಯ ನಾಲ್ಕಾರು ಮನೆಗಳವರು ಸರದಿಯಂತೆ ಮಕ್ಕಳನ್ನು ಕರೆದೊಯ್ಯುವ ಏರ್ಪಾಡು: ಇವು ಹೆಚ್ಚು ಹಣ ಬೇಡುವ ಯೋಜನೆಗಳಲ್ಲ. ಕನ್ನಡ ಶಾಲೆಗಳ ಆಡಳಿತ ಮಂಡಲಿಗಳೂ ಸಂಘಗಳೂ ಮುಂದಿನ ಜೂನ್ ತಿಂಗಳ ಪ್ರವೇಶಕ್ಕೆ ಮೊದಲೇ ಮನೆಮನೆಯ ವೇಳಾಪಟ್ಟಿಯನ್ನು ವಿಚಾರಿಸಿದರೆ, ಕೆಲವು ಮಕ್ಕಳಾದರೂ ಕನ್ನಡಕ್ಕೆ ಉಳಿದಾರು.