ಉಳಿದವರ ಪ್ರಶ್ನೆ

ಪ್ರಶ್ನೆ: ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪದಲ್ಲಿ ಉಳಿದ ನಮ್ಮ ಬೀಗರು ಈಗಲೂ "ನಾ ಒಬ್ಬನೇ ಯಾಕ ಉಳದೆ?" ಅಂತಾರೆ. ಇಷ್ಟು ವರ್ಷವಾದರೂ ಯಾಕೆ?
– ಓದುಗರು, ಮಂಠಾಳ

ಉತ್ತರ: 1993ರ ಸೆಪ್ಟೆಂಬರ್ 30, ನಸುಕಿನ ನಾಲ್ಕರ ಸುಮಾರು. ಗಣಪತಿ ಕಳಿಸಿ ಬಂದು ಜನ ಮಲಗಿದ್ದರು. ಸತ್ತವರು ಹತ್ತಿರಹತ್ತಿರ 10,000. ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲಿನ ಗೋಡೆ, ಭಾರದ ಮಾಳಿಗೆ ಮೈಮೇಲೆ ಬಿದ್ದವು. ಎಂಜಿನಿಯರರ ಈ ವಿವರಣೆ ಸರಿಯೇ, ಆದರೆ ಅಂಗಳದಲ್ಲಿ ಮಲಗಿ ಉಳಿದವನಿಗೆ ಅದು ಸಾಲದು. ಲೋಕ ಒಂದು ಲೆಕ್ಕದಲ್ಲಿ ನಡೆಯುತ್ತದೆ ಎಂಬ ಒಳನಂಬಿಕೆಯೇ ಇಂಥ ಆಘಾತದಲ್ಲಿ ಒಡೆಯುತ್ತದೆ ಎನ್ನುತ್ತಾರೆ ಅಮೆರಿಕದ ಮನಶ್ಶಾಸ್ತ್ರಜ್ಞೆ ರಾನಿ ಜೆನಾಫ್-ಬುಲ್ಮನ್. ಋಣ, ಹಣೆಬರಹ, ದೇವರ ಸಿಟ್ಟು ಎಲ್ಲವೂ ಆ ಲೆಕ್ಕವನ್ನು ಮತ್ತೆ ಕೂಡಿಸುವ ಯತ್ನ. 'ಋಣ ಇತ್ತು' ಎಂಬುದು ಉಳಿದವನನ್ನು ಸಂತೈಸುತ್ತದೆ. 'ಪಾಪದ ಫಲ' ಎಂಬುದು ಸತ್ತವರ ಮೇಲೆ ಹೊರೆ ಹೊರಿಸುತ್ತದೆ. 1934ರ ಬಿಹಾರ ಭೂಕಂಪವನ್ನು ಗಾಂಧೀಜಿ ಅಸ್ಪೃಶ್ಯತೆಯ ಪಾಪಕ್ಕೆ ಶಿಕ್ಷೆ ಎಂದಾಗ ಟಾಗೋರರು ಬಹಿರಂಗವಾಗಿಯೇ ವಿರೋಧಿಸಿದರು. (ನಾನು ಟಾಗೋರರ ಕಡೆ.) ನಿಮ್ಮ ಬೀಗರು ಕೇಳಿದಾಗ ಉತ್ತರ ಹುಡುಕಲು ಹೋಗಬೇಡಿ. ಆ ರಾತ್ರಿಯ ಕತೆ ಇನ್ನೊಮ್ಮೆ ಹೇಳಬೇಕೆಂದರೆ ಹೇಳಲಿ, ಬೇಡವೆಂದರೆ ಒತ್ತಾಯಿಸಬೇಡಿ.